ಬದುಕಿರುವ ಈರಯ್ಯನವರಿಗೆ ಒಂದು ನಿಮಿಷದ ಮೌನ

ಕಳೆದ ಭಾನುವಾರ ಅರಸೀಕೆರೆಯಲ್ಲಿ ಒಬ್ಬರು ತಮ್ಮ ಶ್ರದ್ಧಾಂಜಲಿಗೆ ತಾವೇ ಎದ್ದು ನಿಂತರು.

ತಮಾಷೆ ಮಾಡುತ್ತಿಲ್ಲ. ನಾನು ಅವರ ಪಕ್ಕದಲ್ಲೇ ಇದ್ದೆ. ಕಲ್ಯಾಣ ಮಂಟಪದ ತುಂಬ ಜನ ತಲೆ ತಗ್ಗಿಸಿ ನಿಂತಿದ್ದರು. ವೇದಿಕೆಯ ಹಿಂದಿನ ಎಲ್‌ಇಡಿ ಪರದೆಯ ಮೇಲೆ ಅವರ ಫೋಟೊ. ಫೋಟೊಗೆ ಕಂಪ್ಯೂಟರಿನಲ್ಲೇ ಹಾಕಿದ ಹಾರ. ಕೆಳಗೆ ಮಿಣಮಿಣ ಅನ್ನುವ ಎರಡು ದೀಪ. ಪರದೆಯ ಮೇಲಿದ್ದವರೂ ನನ್ನ ಪಕ್ಕದಲ್ಲಿದ್ದವರೂ ಒಂದೇ ನೀಲಿ ಚೌಕಳಿ ಶರಟು ಹಾಕಿದ್ದರು.

"ಈರಯ್ಯನವರೇ, ಅದು ನೀವು" ಅಂತ ಪಿಸುಗುಟ್ಟಿದೆ.

"ನೋಡ್ದೆ ಕಣ್ರೀ ಮೇಡಂ" ಅಂದರು, ತಲೆ ಎತ್ತದೆ. "ಇನ್ನೂ ನಾಕು ಜನ ಅವ್ರಲ್ಲ ಅಲ್ಲಿ. ಅವ್ರು ನಿಜವಾಗ್ಲೂ ಹೋದೋರು. ಅವ್ರಿಗೆ ನಿಂತ್ಕಂಡಿವ್ನಿ."

ಒಂದು ನಿಮಿಷದ ಮೌನ ಇಪ್ಪತ್ತು ಸೆಕೆಂಡಿಗೆ ಮುಗಿಯಿತು. ಮುಂದೆ ಡ್ಯಾನ್ಸ್ ಇತ್ತು.

ಮೊದಲಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ನೀವು ನಂಬುವುದಿಲ್ಲ.

ನಮ್ಮ ಊರಿಗೆ ಹುಟ್ಟುಹಬ್ಬ ಮಾಡಬೇಕು ಅಂತ ಕೆಲವರಿಗೆ ಅನ್ನಿಸಿತು. ಅನ್ನಿಸಲಿ, ತಪ್ಪೇನಿಲ್ಲ. ಊರು ಬೆಳೆದಿದೆ. ತೆಂಗಿನ ತೋಟಗಳೆಲ್ಲ ಲೇಔಟ್ ಆಗಿವೆ. ಕೊಬ್ಬರಿ ಮಂಡಿಗಳ ಪಕ್ಕ ಪಿಜ್ಜಾ ಸಿಗುತ್ತದೆ. ಜಂಕ್ಷನ್ನಿನಲ್ಲಿ ರೈಲು ಬದಲಿಸುವಾಗ ಕಾಫಿ ಕುಡಿದು ಹೋಗುವ ಊರು ಅಂತಿದ್ದವರು ಈಗ ಸೈಟು ಹುಡುಕಿಕೊಂಡು ಬರುತ್ತಾರೆ. ಸಂತೋಷ.

ಆದರೆ ಎಷ್ಟನೇ ಹುಟ್ಟುಹಬ್ಬ? ಅದನ್ನು ಮಾತ್ರ ಕೇಳಬೇಡಿ. ಆಚರಣಾ ಸಮಿತಿಯ ಮೊದಲ ಮೀಟಿಂಗಿನಲ್ಲಿ ಒಬ್ಬರು ಹೊಯ್ಸಳರ ಕಾಲದಿಂದ ಎಣಿಸಬೇಕು ಅಂದರಂತೆ. ಇನ್ನೊಬ್ಬರು ರೈಲು ಬಂದ ದಿನದಿಂದ ಅಂದರು. ಮತ್ತೊಬ್ಬರು ಪುರಸಭೆ ಆದ ದಿನವೇ ಸರಿ ಅಂತ ಟೇಬಲ್ ಕುಟ್ಟಿದರು. ಜಗಳ ಬಗೆಹರಿಯಲಿಲ್ಲ. ಕೊನೆಗೆ ಕಲ್ಯಾಣ ಮಂಟಪ ಯಾವ ಭಾನುವಾರ ಖಾಲಿ ಇದೆಯೋ ಅಂದೇ ನಮ್ಮ ಊರು ಹುಟ್ಟಿದ್ದು ಎಂದು ತೀರ್ಮಾನವಾಯಿತು. (ಮದುವೆ ಸೀಸನ್ ಬೇರೆ. ಆ ಒಂದು ಭಾನುವಾರವೂ ಸಿಗದಿದ್ದರೆ ಊರು ಆಷಾಢದಲ್ಲಿ ಹುಟ್ಟಬೇಕಾಗುತ್ತಿತ್ತು.)

ಸಮಿತಿಯ ಅಧ್ಯಕ್ಷರು ಲೇಔಟ್ ಮಾಡುವವರು. ಕೆರೆಯ ಕೆಳಗೆ, ತೋಟ ಇದ್ದ ಜಾಗದಲ್ಲಿ, ಅವರದೊಂದು ಲೇಔಟ್ ಇದೆ. ಅರಸಿ ಕಟ್ಟಿಸಿದ ಕೆರೆ ಅಂತಲ್ಲವೇ ನಮ್ಮ ಊರಿಗೆ ಆ ಹೆಸರು? ಆ ರಾಣಿಯನ್ನೂ ಅವರು ಬಿಟ್ಟಿಲ್ಲ. ಲೇಔಟಿನ ಕಮಾನಿನ ಮೇಲೆ ಇಂಗ್ಲಿಷಿನಲ್ಲಿ ಕೂರಿಸಿದ್ದಾರೆ. ಕಾರ್ಯದರ್ಶಿಯವರು ಕೋಚಿಂಗ್ ಸೆಂಟರ್ ನಡೆಸುತ್ತಾರೆ. ಅಧ್ಯಕ್ಷರು ನಕ್ಕರೆ ನಗುತ್ತಾರೆ.

ಎರಡು ತಿಂಗಳ ಹಿಂದೆ ಈ ಕಾರ್ಯದರ್ಶಿ ನನಗೆ ಫೋನ್ ಮಾಡಿದರು. "ಮೇಡಂ, ಸ್ಮರಣ ಸಂಚಿಕೆ ತರ್ತಿದ್ದೀವಿ. ನಮ್ಮೂರಿನ ಹಿಸ್ಟರಿ ಬೇಕಿತ್ತು. ನಾಲ್ಕು ಪೇಜ್. ಸ್ವಲ್ಪ ಪಾಸಿಟಿವ್ ಆಗಿ."

ಪಾಸಿಟಿವ್ ಆದ ಹಿಸ್ಟರಿ! ಅಲ್ಲೇ ಫೋನ್ ಇಡಬೇಕಿತ್ತು. ಇಡಲಿಲ್ಲ. "ನನಗೇನು ಗೊತ್ತು? ಈರಯ್ಯನವರನ್ನು ಕೇಳಿ" ಅಂದೆ. ಅದೇ ನಾನು ಮಾಡಿದ ತಪ್ಪು.

ಈರಯ್ಯನವರು ನನಗೆ ಪರಿಚಯವಾದದ್ದು ಹಳೇಬೀಡಿನಲ್ಲಿ, ಬಟ್ಟೆ ಒಗೆಯುವಾಗ. ಆಗಷ್ಟೇ ನನಗೆ ಅಲ್ಲಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು. ಬಾಡಿಗೆ ಮನೆಯ ಹಿತ್ತಿಲಲ್ಲಿ ಒಂದು ಒಗೆಯುವ ಕಲ್ಲು. ಅವರು ಪೋಸ್ಟ್‌ಮ್ಯಾನ್. ಮುಂಬಾಗಿಲಲ್ಲಿ ಕೂಗಿ ಕೂಗಿ ಸಾಕಾಗಿ ಕಾಗದ ಹಿಡಿದು ಹಿತ್ತಿಲಿಗೇ ಬಂದರು. ಬಂದವರು ಕಾಗದ ಕೊಡಲಿಲ್ಲ. ಕಲ್ಲನ್ನೇ ನೋಡುತ್ತ ನಿಂತರು.

"ಮೇಡಂ, ವಸಿ ಆ ನೊರೆ ತೊಳೀತೀರಾ? ಅಲ್ಲಿ ಅಕ್ಸರ ಅವೆ."

ತೊಳೆದೆ. ಇತ್ತು. ನಾನು ದಿನಾ ಸೀರೆ ಕುಕ್ಕುತ್ತಿದ್ದದ್ದು ಯಾವನೋ ಒಬ್ಬನ ಹೆಸರಿನ ಮೇಲೆ. ಊರಿನ ದನಗಳನ್ನು ಬಿಡಿಸಿಕೊಂಡು ಬರಲು ಹೋಗಿ ಸತ್ತವನು; ಅವನ ವೀರಗಲ್ಲು ಅದು. ಕನ್ನಡ ಎಂ.ಎ. ಮಾಡಿದ ನನಗೆ ಒಂದಕ್ಷರ ಓದಲಾಗಲಿಲ್ಲ. ಎಸ್ಸೆಸ್ಸೆಲ್ಸಿ ಮಾಡಿದ ಪೋಸ್ಟ್‌ಮ್ಯಾನ್ ಬೆರಳಿಟ್ಟು ಓದಿದರು. ಎಲ್ಲೋ ಸಿಕ್ಕ ಹಳೆಯ ಲಿಪಿಯ ಚಾರ್ಟು ಗೋಡೆಗೆ ಅಂಟಿಸಿಕೊಂಡು ತಾವೇ ಕಲಿತದ್ದಂತೆ.

(ಶಾಸನಗಳೂ ವಿಳಾಸ ಅಳಿಸಿಹೋದ ಕಾಗದಗಳೇ ಅಂತ ಅವರು ಹೇಳಿದರು ಎಂದು ಇಲ್ಲಿ ಬರೆದರೆ ಚೆನ್ನಾಗಿರುತ್ತದೆ. ಅವರು ಹಾಗೆಲ್ಲ ಹೇಳುವವರಲ್ಲ. "ಒಗೆಯಕ್ಕೆ ಬ್ಯಾರೆ ಕಲ್ಲು ತರುಸ್ಕೊಡ್ತೀನಿ, ಇದ ಬಿಟ್ಬಿಡಿ" ಅಂದರು. ಮಾರನೇ ದಿನ ತರಿಸಿಯೂ ಕೊಟ್ಟರು.)

ಆಮೇಲೆ ಗೊತ್ತಾಯಿತು, ಅವರು ಸೈಕಲ್ ತುಳಿಯುತ್ತಿದ್ದ ದಾರಿಯ ಒಂದು ಕಲ್ಲನ್ನೂ ಬಿಟ್ಟವರಲ್ಲ. ಚೀಲದಲ್ಲಿ ಕಾಗದದ ಜೊತೆ, ಸವೆದ ಅಕ್ಷರಕ್ಕೆ ಉಜ್ಜಲು, ಸೀಮೆಸುಣ್ಣದ ಪುಡಿಯ ಒಂದು ಡಬ್ಬಿ. ಹುಲಿಕೆರೆ ಕೊಳದ ಮೆಟ್ಟಿಲ ಮೇಲೆ ಕೂತು ಬುತ್ತಿ ಉಣ್ಣುತ್ತ ಹಿಂದಿನ ದಿನ ಕಂಡದ್ದನ್ನು ನೋಟ್‌ಬುಕ್ಕಿಗೆ ಇಳಿಸುವುದು. ಗೆಂಡೆಹಳ್ಳಿಗೆ ವರ್ಗವಾಯಿತು, ಅಲ್ಲಿಯದು ಬರೆದರು. ಬಿಕ್ಕೋಡಿಗೆ ಹಾಕಿದರು, ಎಸ್ಟೇಟಿನ ಕೂಲಿಯವರ ಲೈನು ಮನೆಗಳಿಗೆ ಮನಿಯಾರ್ಡರ್ ಕೊಟ್ಟು ಬರುವ ದಾರಿಯಲ್ಲಿ ಅಲ್ಲಿಯದೂ ಬರೆದರು. ಕೊನೆಗೆ ಅರಸೀಕೆರೆಯಲ್ಲಿ ನಿವೃತ್ತರಾಗಿ ಇಲ್ಲೇ ಮನೆ ಮಾಡಿಕೊಂಡರು. ನಾನೂ ನಿವೃತ್ತಳಾಗಿ ಇಲ್ಲಿಗೇ ಬಂದೆ. ಒಟ್ಟು ಏಳು ದಪ್ಪ ನೋಟ್‌ಬುಕ್. ಏಳನೆಯದು ಪೂರ್ತಿ ನಮ್ಮ ಕೆರೆಯದೇ.

ಒಂದು ಪುಟ ನನಗೆ ಮರೆಯುವುದಿಲ್ಲ. ಈರಯ್ಯನವರದು ಬೌದ್ಧ ಕುಟುಂಬ. ಅವರ ತಂದೆಯ ಕಾಲಕ್ಕೆ ಊರಾಚೆಯ ಕೇರಿಯವರು. ಕೆಲವು ಹಳ್ಳಿಗಳಲ್ಲಿ ಕಲ್ಲು ಗುಡಿಯ ಅಂಗಳದೊಳಗೆ ಇರುತ್ತಿತ್ತು. ಕಾಗದ ಕೊಡಲು ಬಾಗಿಲ ತನಕ ಹೋಗಬಹುದು, ಕಲ್ಲು ಓದಲು ಒಳಗೆ ಹೋಗುವ ಹಾಗಿಲ್ಲ. ಅಂಥ ಒಂದು ಊರಿನ ಹೆಸರು ಬರೆದು ಅದರ ಕೆಳಗೆ ಗುಂಡಗಿನ ಅಕ್ಷರದಲ್ಲಿ ಬರೆದಿದ್ದಾರೆ: "ಈ ಕಲ್ಲನ್ನು ನೋಡಲಾಗಲಿಲ್ಲ. ಕಾರಣ ಎಲ್ಲರಿಗೂ ಗೊತ್ತು."

ಇಂಥ ನೋಟ್‌ಬುಕ್ಕುಗಳನ್ನು ಸಮಿತಿಗೆ ಕೊಡಿಸಿದವಳು ನಾನು. ಅವರ ಹೆಂಡತಿ ಗೌರಮ್ಮ ಅಡುಗೆ ಮನೆಯಿಂದಲೇ ಬೇಡ ಅಂದರು. "ಕೊಟ್ರೆ ವಾಪಸ್ ಬರಲ್ಲ. ಜೆರಾಕ್ಸ್ ಮಾಡ್ಸಿ ಕೊಡಿ." ಕಾರ್ಯದರ್ಶಿ ನಕ್ಕರು. "ಒಂದು ವಾರ ಅಷ್ಟೇ ಅಮ್ಮ. ಸ್ಕ್ಯಾನ್ ಮಾಡಿ ಕೊಡ್ತೀವಿ. ಸರ್‌ಗೆ ವೇದಿಕೆ ಮೇಲೆ ಸನ್ಮಾನನೂ ಇದೆ." ನಾನೂ ಬಾಯಿ ಹಾಕಿದೆ: "ನಾನಿದ್ದೀನಿ ಗೌರಮ್ಮ."

ಈರಯ್ಯನವರು ಮಾತ್ರ ಒಂದು ಚೀಟಿ ತಂದು ಕಾರ್ಯದರ್ಶಿಯ ಮುಂದಿಟ್ಟರು. "ಏಳು ಪುಸ್ತಕ ತಲುಪಿದವು. ಇಲ್ಲೊಂದು ಸೈನು ಹಾಕಿ ಸಾರ್." ಇಷ್ಟು ವರ್ಷ ರಿಜಿಸ್ಟರ್ಡ್ ಕಾಗದಕ್ಕೆ ಸಹಿ ಹಾಕಿಸಿಕೊಂಡ ಕೈ. ಅಭ್ಯಾಸ ಬಿಟ್ಟಿರಲಿಲ್ಲ. ಫೋಟೊ ಬೇಕು ಅಂದರು, ನೀಲಿ ಚೌಕಳಿ ಶರಟು ಹಾಕಿಕೊಂಡು ಜಗುಲಿಯ ಮೇಲೆ ಕೂತರು. ಇರುವುದರಲ್ಲಿ ಅದೇ ಒಳ್ಳೆಯ ಶರಟು. ಸನ್ಮಾನದ ದಿನವೂ ಅದನ್ನೇ ಇಸ್ತ್ರಿ ಮಾಡಿಸಿ ಹಾಕಿಕೊಂಡು ಬಂದರು.

ಈಗ ಮತ್ತೆ ಕಲ್ಯಾಣ ಮಂಟಪಕ್ಕೆ ಬನ್ನಿ.

ಮೌನ ಮುಗಿದ ಕೂಡಲೇ ನಾನು ವೇದಿಕೆಯ ಹಿಂದಕ್ಕೆ ನುಗ್ಗಿದೆ. ಕಾರ್ಯದರ್ಶಿ ಪೇಟಗಳನ್ನು ಎಣಿಸುತ್ತಿದ್ದರು.

"ಏನ್ರೀ ಇದು? ಬದುಕಿರೋರಿಗೆ ಶ್ರದ್ಧಾಂಜಲಿ ಮಾಡ್ತೀರಾ?"

"ಯಾರಿಗೆ ಮೇಡಂ?"

"ಈರಯ್ಯನವರಿಗೆ! ಮೂರನೇ ಸಾಲಲ್ಲಿ ಕೂತಿದ್ದಾರೆ, ಬಂದು ನೋಡಿ."

ಅವರು ಪರದೆಯ ಸಂದಿಯಿಂದ ಇಣುಕಿ ನೋಡಿದರು. ಮುಖ ಬಿಳುಚಿಕೊಂಡಿತು. ಆಮೇಲೆ ಮಾತು ಹೊರಬಂತು, ತುಂಡು ತುಂಡಾಗಿ. ಸನ್ಮಾನದ ಪಟ್ಟಿಯಲ್ಲಿ ಈರಯ್ಯನವರ ಹೆಸರು ಇತ್ತಂತೆ. ಕೊನೇ ವಾರದಲ್ಲಿ ಪೆಂಡಾಲಿನವರಿಗೂ ಸನ್ಮಾನ ಮಾಡಬೇಕು ಅಂತ ಅಧ್ಯಕ್ಷರು ಹೇಳಿದರಂತೆ. ವೇದಿಕೆಯಲ್ಲಿ ಕುರ್ಚಿ ಹಾಕಲು ಜಾಗವಿಲ್ಲ. ಒಬ್ಬರನ್ನು ತೆಗೆಯಬೇಕು. ತೆಗೆದರೆ ಬೇಜಾರಾಗುತ್ತಾರೆ ಅಂತ ಇನ್ನೊಂದು ಪಟ್ಟಿಗೆ ಹಾಕಿದರಂತೆ. ಆ ಪಟ್ಟಿಯ ಹೆಸರು "ಸ್ಮರಿಸೋಣ". ಡಿಟಿಪಿಯವರು ಸ್ಮರಿಸುವುದು ಅಂದರೆ ಸತ್ತವರನ್ನೇ ಅಂದುಕೊಂಡು ಎಲ್ಲರಿಗೂ ಹಾರ ಹಾಕಿದರಂತೆ.

"ಒಂದು ಫೋನ್ ಮಾಡಿ ಕೇಳೋಕೆ ಆಗ್ಲಿಲ್ವಾ?"

"ಮಾಡಿದ್ವಿ ಮೇಡಂ. ನಾಟ್ ರೀಚಬಲ್ ಬಂತು."

ನಾಟ್ ರೀಚಬಲ್ ಬಂದರೆ ಸತ್ತರು ಅಂತಲೇ? ಹಾಗೆ ಲೆಕ್ಕ ಹಾಕಿದರೆ ನಮ್ಮ ಊರಿನಲ್ಲಿ ಸಂಜೆ ಆರರ ಮೇಲೆ ಯಾರೂ ಬದುಕಿರುವುದಿಲ್ಲ. ಈರಯ್ಯನವರಿಗೆ ಎಪ್ಪತ್ತನಾಲ್ಕು. ಬಿಪಿ ಇಲ್ಲ, ಶುಗರ್ ಇಲ್ಲ. ಅವರು ಸತ್ತದ್ದು ಕುರ್ಚಿ ಸಾಲದೆ.

ಅಷ್ಟರಲ್ಲಿ ಅಧ್ಯಕ್ಷರೇ ಬಂದರು. ವಿಷಯ ಕೇಳಿ ಒಂದು ಕ್ಷಣವೂ ಅಳುಕಲಿಲ್ಲ. ಅದೇ ನೋಡಿ ನಾಯಕತ್ವ. "ಅಯ್ಯೋ, ಅದಕ್ಕೇನಂತೆ? ಈಗಲೇ ಕರೆಸಿ. ಟೆಕ್ನಿಕಲ್ ಎರರ್ ಅಂತ ಅನೌನ್ಸ್ ಮಾಡಿ ಒಂದು ಶಾಲು ಹಾಕೋಣ. ಜನಕ್ಕೂ ಖುಷಿಯಾಗುತ್ತೆ." ಸತ್ತವರು ಎದ್ದು ಬಂದರೆ ಜನಕ್ಕೆ ಖುಷಿಯಾಗದೆ ಇರುತ್ತದೆಯೇ? ಡ್ಯಾನ್ಸಿಗಿಂತ ಚೆನ್ನಾಗಿರುತ್ತದೆ.

ಈರಯ್ಯನವರು ಬಂದರು. ಅಧ್ಯಕ್ಷರು ಶಾಲಿನ ಮಡಿಕೆ ಬಿಚ್ಚಿದರು.

"ಶಾಲು ಬ್ಯಾಡ ಸಾರ್" ಅಂದರು ಈರಯ್ಯ. "ನನ್ನ ಪುಸ್ತಕ ಕೊಡಿ."

"ಯಾವ ಪುಸ್ತಕ?"

ಅಧ್ಯಕ್ಷರು ಕಾರ್ಯದರ್ಶಿಯ ಮುಖ ನೋಡಿದರು. ಕಾರ್ಯದರ್ಶಿ ಪೇಟಗಳ ಮುಖ ನೋಡಿದರು.

ಆ ಹೊತ್ತಿಗೆ ನನ್ನ ಕೈಯಲ್ಲಿ ಸ್ಮರಣ ಸಂಚಿಕೆ ಇತ್ತು. ಮುಖಪುಟದಲ್ಲಿ ಬೇಲೂರಿನ ಶಿಲಾಬಾಲಿಕೆ. ಹಿಂಬದಿಯಲ್ಲಿ ಹಳೇಬೀಡಿನ ನಂದಿ. ಅರಸೀಕೆರೆಯ ಹುಟ್ಟುಹಬ್ಬದ ಪುಸ್ತಕದಲ್ಲಿ ಅರಸೀಕೆರೆಯ ಈಶ್ವರ ದೇವಸ್ಥಾನದ್ದು ಒಂದು ಫೋಟೊ ಇಲ್ಲ. (ಬೇಲೂರಿನದು ಹಾಕಿದರೆ ಹೆರಿಟೇಜ್ ಫೀಲ್ ಬರುತ್ತದಂತೆ. ಸ್ವಂತ ಮಗುವಿನ ಹುಟ್ಟುಹಬ್ಬದ ಕಾರ್ಡಿಗೆ ಪಕ್ಕದ ಮನೆ ಮಗುವಿನ ಫೋಟೊ ಯಾರಾದರೂ ಹಾಕುತ್ತಾರೆಯೇ?) ಒಳಗೆ "ನಮ್ಮೂರು ನಡೆದು ಬಂದ ದಾರಿ" ಅನ್ನುವ ಲೇಖನ. ಬರೆದವರು: ಅಧ್ಯಕ್ಷರು. ಕೂಲಿಂಗ್ ಗ್ಲಾಸಿನ ಫೋಟೊ ಸಮೇತ.

ಓದುತ್ತ ಹೋದೆ. ಒಂದೊಂದು ಸಾಲೂ ಗುರುತು ಸಿಗುತ್ತಿತ್ತು. ಎರಡನೇ ಪುಟದಲ್ಲಿ ಅಧ್ಯಕ್ಷರು ಬರೆಯುತ್ತಾರೆ: "ಈ ಕಲ್ಲನ್ನು ನಾನು ಸೈಕಲ್ ಪಂಕ್ಚರ್ ಆದ ದಿನ ನೋಡಿದೆ. ಅಂದು ಹದಿನಾರು ಕಾಗದ ಹಂಚುವುದು ಬಾಕಿ ಇತ್ತು."

ಅಧ್ಯಕ್ಷರು ಕಾರಿನಿಂದ ಇಳಿದದ್ದನ್ನು ಕಂಡವರೇ ಕಡಿಮೆ. ಅವರು ಯಾವಾಗ ಸೈಕಲ್ ತುಳಿದರು? ಯಾರಿಗೆ ಕಾಗದ ಹಂಚಿದರು? ಕದಿಯುವುದಕ್ಕೂ ಒಂದು ಸಲ ಓದಬೇಕು ಸ್ವಾಮಿ. ಅಷ್ಟೂ ಕಷ್ಟಪಡಲಿಲ್ಲ. ಸತ್ತವರನ್ನು ಅನುಮತಿ ಕೇಳಬೇಕಾಗಿಲ್ಲವಲ್ಲ, ಅನುಕೂಲವೇ ಆಯಿತು.

ಎತ್ತಿಕೊಂಡದ್ದು ಇಷ್ಟು. ಬಿಟ್ಟದ್ದು? "ಕಾರಣ ಎಲ್ಲರಿಗೂ ಗೊತ್ತು" ಅನ್ನುವ ಪುಟ ಇಲ್ಲ. ಅದರ ಬದಲು "ಎಲ್ಲ ಜಾತಿಯವರೂ ಅಣ್ಣತಮ್ಮಂದಿರಂತೆ ಬಾಳಿದ ನಾಡು" ಅಂತ ಒಂದು ಸಾಲು ಸೇರಿದೆ. ಕೆರೆಯ ಬಗ್ಗೆ ಇದ್ದ ಇಡೀ ನೋಟ್‌ಬುಕ್ಕಿನಿಂದ ಒಂದಕ್ಷರ ಇಲ್ಲ. ಕೆರೆಯ ಹೂಳು ಎತ್ತಿದವರು ಯಾರು, ತೂಬು ಕಾಯುತ್ತಿದ್ದ ಮನೆತನಗಳು ಯಾವುವು, ಕೆರೆ ತುಂಬಿ ಕೋಡಿ ಬಿದ್ದಾಗ ನೀರು ಯಾವ ದಾರಿಯಲ್ಲಿ ಹೋಗುತ್ತಿತ್ತು ಎಂದೆಲ್ಲ ಹಳಬರನ್ನು ಕೇಳಿ ಕೇಳಿ ಬರೆದದ್ದು. ಯಾವುದೂ ಇಲ್ಲ. ರಾಣಿಯೊಬ್ಬಳು ಮಾತ್ರ ಇದ್ದಾಳೆ, ಧಾರಾವಾಹಿಯ ನಾಯಕಿಯ ಹಾಗೆ ಕಿರೀಟ ಇಟ್ಟುಕೊಂಡು.

ವಾಪಸ್ ನಡೆಯುತ್ತ ಈರಯ್ಯನವರು ಸಂಚಿಕೆ ತಿರುವಿ ನೋಡಿದರು. ನನಗೆ ಅವರ ಮುಖ ನೋಡಲು ಧೈರ್ಯ ಬರಲಿಲ್ಲ. ಮಾತು ಕೊಟ್ಟವಳು ನಾನಲ್ಲವೇ?

"ನಾನು ಸತ್ತಿದ್ದು ಹೋಗ್ಲಿ ಮೇಡಂ" ಅಂದರು ಕೊನೆಗೆ. "ಕೆರೇನೇ ಬಿಟ್ಬಿಟ್ಟವ್ರಲ್ಲ."

ಅಷ್ಟಕ್ಕೆ ಮುಗಿದಿದ್ದರೆ ಇದನ್ನು ಒಂದು ಜೋಕ್ ಅಂತ ಬರೆದು ನಿಮ್ಮನ್ನು ನಗಿಸಿ ಸುಮ್ಮನಾಗುತ್ತಿದ್ದೆ. ಕಾರ್ಯಕ್ರಮ ಫೇಸ್‌ಬುಕ್ಕಿನಲ್ಲಿ ಲೈವ್ ಇತ್ತು.

ಸೋಮವಾರ ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ ಈರಯ್ಯ ಜಗುಲಿಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ಬೀದಿಯ ತುದಿಯಿಂದ ಅಳು ಕೇಳಿಸಿತು. ಅವರ ತಂಗಿ ಪುಟ್ಟಮ್ಮ. ಬಿಕ್ಕೋಡಿನ ಕಡೆ ಎಸ್ಟೇಟಿನಲ್ಲಿ ದುಡಿದವರು, ಅಲ್ಲೇ ಇದ್ದಾರೆ. ಪಕ್ಕದ ಮನೆಯ ಯಾರೋ ಮೊಬೈಲಿನಲ್ಲಿ ಅಣ್ಣನ ಹಾರ ಹಾಕಿದ ಫೋಟೊ ತೋರಿಸಿದ್ದಾರೆ. ಇವರ ಫೋನಿಗೆ ಮಾಡಿದರೆ ಸಿಕ್ಕಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಬೇಲೂರು, ಅಲ್ಲಿಂದ ಇನ್ನೊಂದು ಬಸ್ಸು. ಮುದುಕಿ ದಾರಿಯುದ್ದಕ್ಕೂ ಅತ್ತುಕೊಂಡೇ ಬಂದಿದ್ದಾರೆ. ಕೈಯಲ್ಲಿ ಬಾಳೆ ಎಲೆ ಸುತ್ತಿದ ಹೂವಿನ ಹಾರ.

ಜಗುಲಿಯ ಮೇಲೆ ಅಣ್ಣ ಕೂತಿರುವುದು ಕಂಡಿತು. ಬೀದಿಯ ಮಧ್ಯೆ ನಿಂತುಬಿಟ್ಟರು. ಆಮೇಲೆ ಓಡಿ ಬಂದು ಎರಡು ಮುಷ್ಟಿಯಲ್ಲೂ ಅವರ ಎದೆಗೆ ಗುದ್ದತೊಡಗಿದರು.

"ಯಾಕಣ್ಣ ಹಿಂಗ್ ಮಾಡ್ದೆ? ಯಾಕ್ ಹಿಂಗ್ ಮಾಡ್ದೆ?"

"ನಾನೇನ್ ಮಾಡ್ದೆ ಪುಟ್ಟಿ? ಸುಮ್ನೆ ಕೂತಿವ್ನಿ ಕಣವ್ವ" ಅನ್ನುತ್ತ ಈರಯ್ಯ ತಂಗಿಯ ತಲೆ ಹಿಡಿದುಕೊಂಡರು. ಅದುವರೆಗೂ ಗಟ್ಟಿಯಾಗಿದ್ದ ಮನುಷ್ಯನ ಕಣ್ಣಲ್ಲಿ ಆಗ ನೀರು ಬಂತು. ಗೌರಮ್ಮ ಒಳಗಿನಿಂದ ನೀರಿನ ಲೋಟ ತಂದರು. ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ಒಳ್ಳೆಯದಾಯಿತು.

ತಂದ ಹಾರವನ್ನು ಏನು ಮಾಡುವುದು? ಪುಟ್ಟಮ್ಮ ಅದನ್ನು ಎಸೆಯಲು ಹೋದರು. ಗೌರಮ್ಮ ಬಿಡಲಿಲ್ಲ. ನಡುಮನೆಯ ಬುದ್ಧನ ಪಟಕ್ಕೆ ಹಾಕಿದರು.

ಟೆಕ್ನಿಕಲ್ ಎರರ್ ಅಂತೆ. ಎರಡು ಬಸ್ಸು ಬದಲಿಸಿ ಅಳುತ್ತ ಬಂದ ಆ ಹೆಂಗಸಿಗೆ ಇದನ್ನು ಅನೌನ್ಸ್ ಮಾಡುವವರು ಯಾರು?

ಮಂಗಳವಾರ ಈರಯ್ಯನವರೂ ನಾನೂ ಪುಸ್ತಕಗಳನ್ನು ಕೇಳಲು ಸಮಿತಿಯ ಆಫೀಸಿಗೆ ಹೋದೆವು. ಸಮಿತಿಯ ಆಫೀಸ್ ಎಲ್ಲಿದೆ ಅಂದುಕೊಂಡಿರಿ? ಅಧ್ಯಕ್ಷರ ಲೇಔಟಿನ ಸೈಟ್ ಆಫೀಸಿನಲ್ಲೇ. ಮೂಲೆಯಲ್ಲಿ ಉಳಿದ ಸಂಚಿಕೆಗಳ ಕಟ್ಟು, ಅದರ ಮೇಲೆ ಥರ್ಮೊಕೋಲಿನ ಹೊಯ್ಸಳ ಲಾಂಛನ. ಸಿಂಹಕ್ಕೆ ಬಾಲ ಮುರಿದಿತ್ತು. ಕಾರ್ಯದರ್ಶಿ ರಟ್ಟಿನ ಡಬ್ಬದಿಂದ ನೋಟ್‌ಬುಕ್ಕುಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಈರಯ್ಯನವರು ಒಂದೊಂದನ್ನೂ ತೆರೆದು, ಒರೆಸಿ, ಜೋಡಿಸಿದರು.

"ಆರು ಐತೆ ಸಾರ್."

"ಬಂದಿದ್ದೇ ಆರು ಅಲ್ವಾ?"

ಈರಯ್ಯನವರು ಜೇಬಿನಿಂದ ಚೀಟಿ ತೆಗೆದು ಅವರ ಮುಂದೆ ಇಟ್ಟರು. ಏಳು ಪುಸ್ತಕ ತಲುಪಿದವು. ಕೆಳಗೆ ಕಾರ್ಯದರ್ಶಿಯದೇ ಸಹಿ, ಗೀಟು ಎಳೆದು, ಎರಡು ಚುಕ್ಕಿ ಇಟ್ಟು.

ಕಾರ್ಯದರ್ಶಿ ಎದ್ದು ಒಳಗಿನ ರೂಮಿಗೆ ಹೋದರು. ಒಳಗೆ ಪಿಸಪಿಸ ಮಾತು. ಅಧ್ಯಕ್ಷರೇ ಏಳನೆಯ ನೋಟ್‌ಬುಕ್ ಹಿಡಿದು ಹೊರಗೆ ಬಂದರು. ಹುಟ್ಟುಹಬ್ಬದ ಎರಡು ತಿಂಗಳಲ್ಲಿ ಸಮಿತಿಯವರು ಓದಿದ ಪುಸ್ತಕ ಅದೊಂದೇ ಅಂತ ಕಾಣುತ್ತದೆ.

"ಏನ್ ಈರಯ್ಯನೋರೆ, ಏನೇನೋ ಬರ್ಕೊಂಡಿದ್ದೀರಿ. ಎಲ್ಲ ಹಳೇ ಕತೆ. ಈಗ ಅವನ್ನೆಲ್ಲ ಕೆದಕಿ ಏನುಪಯೋಗ? ಊರು ಮುಂದೆ ಹೋಗ್ಬೇಕು ಕಣ್ರೀ."

(ಇತಿಹಾಸದ ಹೆಸರಿನಲ್ಲಿ ಪೆಂಡಾಲು ಹಾಕಿಸಿದವರ ಬಾಯಲ್ಲಿ ಈ ಮಾತು. ಕೇಳಿಸಿಕೊಂಡಿರಾ?)

ಈರಯ್ಯನವರು ಅದನ್ನು ಅವರ ಕೈಯಿಂದ ತೆಗೆದುಕೊಂಡರು. ನೋಟ್‌ಬುಕ್ ತೆರೆದು ಮಧ್ಯಕ್ಕೆ ತಿರುವಿದರು. ಅಲ್ಲಿ ಒಂದು ಹಾಳೆ ಹರಿದಿತ್ತು. ಹೊಲಿಗೆಯ ಪಕ್ಕ ಬೆರಳಗಲದ ಚೂರು ಉಳಿದಿತ್ತು, ಅದರ ಮೇಲೆ ನೀಲಿ ಪೆನ್ಸಿಲಿನ ಗೀಟು. ಕೋಡಿಯ ಹಳ್ಳದ ನಕ್ಷೆ ಇದ್ದ ಹಾಳೆ ಅದು. ನಾನು ನೋಡಿದ್ದೆ. ಕೆರೆಯಿಂದ ಹೊರಟ ಹಳ್ಳ ಯಾವ ತೋಟ ದಾಟಿ, ಯಾವ ಹುಣಸೆಮರದ ಹತ್ತಿರ ತಿರುಗಿ, ಎಲ್ಲಿ ಹೋಗಿ ಸೇರುತ್ತಿತ್ತು ಎಂದು ಹೆಜ್ಜೆ ಹಾಕಿ ಅಳೆದು ಬರೆದದ್ದು.

"ಇದೊಂದು ಹಾಳೆ ಇಲ್ಲ" ಅಂದೆ ನಾನು.

"ಹಳೇ ಪುಸ್ತಕ ಅಲ್ವಾ ಮೇಡಂ? ಉದುರಿರುತ್ತೆ" ಅಂದರು ಅಧ್ಯಕ್ಷರು.

ಉದುರಿತಂತೆ! ಇನ್ನೂರು ಹಾಳೆಯಲ್ಲಿ ಅದೊಂದೇ ಹಾಳೆ ಹಣ್ಣಾಗಿತ್ತೇ? ನಾನು ಪೊಲೀಸು, ಕಂಪ್ಲೇಂಟು ಅಂತ ಏನೇನೋ ಕೂಗಾಡಿದೆ. ಈರಯ್ಯನವರು ಏಳೂ ನೋಟ್‌ಬುಕ್ಕುಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ಬಾಗಿಲು ದಾಟಿದ ಮೇಲೆ ಹೇಳಿದರು:

"ಕೂಗಬ್ಯಾಡಿ ಮೇಡಂ. ಹಾಳೆ ತಾನೇ ಹೋಗಿರದು? ಹಳ್ಳ ಅಲ್ಲೇ ಐತಲ್ಲ. ನಾಳೀಕೆ ಬತ್ತೀನಿ, ಛತ್ರಿ ತಗೊಂಡ್ ಬನ್ನಿ."

ಬುಧವಾರ ಬೆಳಿಗ್ಗೆ ಕೆರೆಯ ಕೋಡಿಯಿಂದ ಹೊರಟೆವು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಎಪ್ಪತ್ತನಾಲ್ಕರ ಮನುಷ್ಯ ಮುಂದೆ, ಛತ್ರಿ ಹಿಡಿದ ನಾನು ಹಿಂದೆ. ಅವರು ಹೆಜ್ಜೆ ಎಣಿಸುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಸ್ವಲ್ಪ ದೂರ ಹಳ್ಳ ಕಣ್ಣಿಗೇ ಕಾಣುತ್ತಿತ್ತು, ಲಂಟಾನ ಬೆಳೆದು. ಆಮೇಲೆ ಒಂದು ಕಾಂಪೌಂಡ್ ಗೋಡೆ. ಅಲ್ಲಿಂದಾಚೆ ಲೇಔಟ್. ಅಧ್ಯಕ್ಷರದೇ.

ಕಮಾನಿನಿಂದ ಸುತ್ತಿ ಬಂದು ಒಳಗೆ ಹೋದೆವು. ಡಾಂಬರು ರಸ್ತೆ, ಎರಡೂ ಕಡೆ ಬಣ್ಣ ಬಣ್ಣದ ಮನೆಗಳು. ಹಳ್ಳ ಎಲ್ಲಿ? ಈರಯ್ಯನವರು ರಸ್ತೆಯ ಮೇಲೆ ನಿಂತು ಹಿಂದೆ ಕೆರೆ ಏರಿಯನ್ನು ನೋಡಿದರು, ಮುಂದೆ ಗುಡ್ಡವನ್ನು ನೋಡಿದರು, ಕಾಲಿನಲ್ಲಿ ನೆಲದ ಇಳಿಜಾರು ತಡವಿದರು. ಸೀದಾ ಒಂದು ಕೆನೆ ಬಣ್ಣದ ಮನೆಯ ಗೇಟಿನ ಹತ್ತಿರ ಹೋಗಿ ನಿಂತರು.

ಒಳಗಿನಿಂದ ಒಬ್ಬ ಹೆಣ್ಣುಮಗಳು ಬಂದಳು. ಶ್ವೇತಾ ಅಂತೆ, ಬ್ಯಾಂಕಿನಲ್ಲಿ ಕೆಲಸ. ಅಂದು ರಜೆ ಹಾಕಿದ್ದಳು. ಯಾರು ಬೇಕಿತ್ತು ಅಂದಳು. ಹೇಳಿದೆವು. ಹಳ್ಳ ಹುಡುಕುತ್ತಿದ್ದೇವೆ ಎಂದರೆ ಯಾರಾದರೂ ಬಾಗಿಲು ಹಾಕಿಕೊಳ್ಳಬೇಕು. ಅವಳು ಗೇಟು ತೆರೆದಳು.

"ಸರ್, ಒಂದ್ನಿಮಿಷ ಬನ್ನಿ. ನಿಮ್ಗೆ ಇದೇನಾದ್ರೂ ಗೊತ್ತಾಗುತ್ತಾ ನೋಡ್ತೀರಾ?"

ಹಾಲಿನ ಗೋಡೆಯ ಉದ್ದಕ್ಕೂ ಮೊಣಕಾಲೆತ್ತರದಲ್ಲಿ ಕಂದು ಕಲೆ. ಮೇಲೆ ಎರಡು ಸಲ ಬಣ್ಣ ಬಳಿದಿದ್ದರೂ ಮುಚ್ಚಿರಲಿಲ್ಲ.

"ಜೋರು ಮಳೆ ಬಂದ್ರೆ ನೆಲದಿಂದಾನೇ ನೀರು ಬರುತ್ತೆ ಸರ್. ಹೋದ ವರ್ಷ ಅತ್ತೆನ ಮಂಚದ ಸಮೇತ ಎತ್ತಿ ಮಹಡಿಗೆ ಸಾಗ್ಸಿದ್ವಿ. ಅವ್ರಿಗೆ ನಡೆಯೋಕಾಗಲ್ಲ. ಲೇಔಟ್‌ನೋರು ಪೈಪ್ ಪ್ರಾಬ್ಲಂ ಅಂತಾರೆ. ಪ್ಲಂಬರ್ ಮೂರು ಸಲ ಪೈಪ್ ಬದಲಾಯಿಸ್ದ."

ಈರಯ್ಯನವರು ಕಲೆಯ ಮೇಲೆ ಕೈಯಾಡಿಸಿದರು. ಕಲ್ಲಿನ ಅಕ್ಷರದ ಮೇಲೆ ಆಡಿಸುತ್ತಿದ್ದ ಹಾಗೆಯೇ.

"ಪೈಪಲ್ಲ ಕಣವ್ವ. ಕೆರೆ ಕೋಡಿ ಬಿದ್ರೆ ನೀರು ಹೋಗೋ ದಾರಿ ಇದು. ದಾರಿ ಮುಚ್ಚವ್ರೆ. ನೀರಿಗೆ ಗೊತ್ತಿಲ್ಲ, ಅದು ಅದೇ ದಾರೀಲಿ ಬತ್ತಾ ಐತೆ."

ಒಳಗಿನ ರೂಮಿನಲ್ಲಿ ಅತ್ತೆ ಕೆಮ್ಮುವುದು ಕೇಳುತ್ತಿತ್ತು.

"ಸೈಟ್ ತಗೊಳ್ಳೋವಾಗ ನಮ್ಗೆ ಯಾರೂ ಹೇಳ್ಲೇ ಇಲ್ವಲ್ಲ ಸರ್."

"ನಾನು ಬರ್ದಿಟ್ಟಿದ್ದೆ ಕಣವ್ವ" ಅಂದರು ಈರಯ್ಯ.

ಅಷ್ಟೇ ಅಂದದ್ದು. ಹೆಮ್ಮೆಯೂ ಇರಲಿಲ್ಲ, ಕೋಪವೂ ಇರಲಿಲ್ಲ. ವಿಳಾಸದಲ್ಲಿ ಮನೆ ಸಿಗದೆ ಕಾಗದ ವಾಪಸ್ ಹೋದಾಗ ಪೋಸ್ಟ್‌ಮ್ಯಾನಿನ ಮುಖ ಹೇಗಿರುತ್ತದೋ ಹಾಗಿತ್ತು.

ಅವಳ ಊಟದ ಮೇಜಿನ ಮುಂದೆಯೇ ಕೂತು ನಕ್ಷೆ ಮತ್ತೆ ಬರೆದರು. ಅವಳೇ ಸ್ಕೇಲು ಕೊಟ್ಟಳು, ಕಾಫಿ ಕೊಟ್ಟಳು. ಯಾವ ಯಾವ ಮನೆಗೆ ನೀರು ನುಗ್ಗುತ್ತದೆ ಎಂದು ಅವಳು ಹೇಳುತ್ತ ಹೋದಳು, ಅವರು ಗುರುತು ಹಾಕುತ್ತ ಹೋದರು. ಕೊನೆಯಲ್ಲಿ ನೋಡಿದರೆ ಗುರುತುಗಳೆಲ್ಲ ಹಳ್ಳದ ಗೀಟಿನ ಮೇಲೆಯೇ ಸಾಲಾಗಿ ಕೂತಿದ್ದವು. ಅವಳು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡಳು. ಸಂಜೆಯ ಹೊತ್ತಿಗೆ ಅದು ಲೇಔಟಿನ ಎಲ್ಲ ಮನೆಗಳಿಗೂ ಹೋಗಿತ್ತು. ಗುರುವಾರ ಅಲ್ಲಿಯವರು ಮೂವತ್ತು ಜನ ಕಮಾನಿನ ಕೆಳಗೆ ಸೇರಿ ಸೈಟ್ ಆಫೀಸಿಗೆ ಹೋದರಂತೆ. ಆಫೀಸಿಗೆ ಬೀಗ ಹಾಕಿತ್ತಂತೆ.

ಊರು ಅಂದರೆ ಯಾವುದು ಸ್ವಾಮಿ? ಎಲ್‌ಇಡಿ ಪರದೆಯ ಮೇಲೆ ಕುಣಿಯುವುದೇ? ಯಾವ ಮನೆಯಲ್ಲಿ ನಡೆಯಲಾಗದ ಮುದುಕಿ ಇದ್ದಾರೆ, ಯಾವ ಕಡೆಯಿಂದ ನೀರು ಬರುತ್ತದೆ, ಯಾರನ್ನು ಯಾವ ಗುಡಿಯ ಒಳಗೆ ಬಿಡಲಿಲ್ಲ, ಇವೆಲ್ಲ ಇತಿಹಾಸ ಅಲ್ಲವೇ? ಇದನ್ನು ಬಿಟ್ಟು ಉಳಿದದ್ದನ್ನೆಲ್ಲ ಆಚರಿಸುತ್ತೇವೆ. ಪಾಸಿಟಿವ್ ಆಗಿ. ಕೇಕ್ ಕೂಡ ಇತ್ತು ಅಂದು, ಹೇಳುವುದು ಮರೆತೆ. ದೇವಸ್ಥಾನದ ಆಕಾರದ ಕೇಕ್. ಗಣ್ಯರೆಲ್ಲ ಸೇರಿ ಗೋಪುರ ಕತ್ತರಿಸಿ ಒಬ್ಬರ ಬಾಯಿಗೊಬ್ಬರು ಇಟ್ಟರು.

ಶುಕ್ರವಾರ ಮಧ್ಯಾಹ್ನ ನನ್ನ ಫೋನ್ ರಿಂಗಾಯಿತು. ಅಧ್ಯಕ್ಷರು. ಇಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಮೇಡಂ, ಆ ದಿನ ಆಗಿದ್ದಕ್ಕೆ ತುಂಬ ಬೇಜಾರಾಗಿದೆ. ಈರಯ್ಯನೋರ್ಗೆ ಪ್ರತ್ಯೇಕವಾಗಿ ಒಂದು ಅದ್ಧೂರಿ ಸನ್ಮಾನ ಇಟ್ಕೊಳ್ಳೋಣ. ಮೆರವಣಿಗೆ ಮಾಡ್ಸೋಣ. ಅವ್ರ ಪುಸ್ತಕಾನೂ ನಾವೇ ಪ್ರಿಂಟ್ ಹಾಕ್ಸ್ತೀವಿ. ಆ ಮ್ಯಾಪ್ ವಿಷಯ ಮಾತ್ರ... ಸ್ವಲ್ಪ ನೀವೇ ಹೇಳಿ ಮೇಡಂ. ಜನ ಪ್ಯಾನಿಕ್ ಆಗ್ತಿದ್ದಾರೆ."

ಕೇಳಿ ಹೇಳುತ್ತೇನೆ ಅಂದೆ. ಈರಯ್ಯನವರ ಮನೆಗೆ ಹೋದೆ. ಅವರು ನಡುಮನೆಯಲ್ಲಿ ನೆಲದ ಮೇಲೆ ಕೂತು ಹೊಸ ನಕ್ಷೆಯನ್ನು ಏಳನೆಯ ನೋಟ್‌ಬುಕ್ಕಿಗೆ ಗೋಂದು ಹಚ್ಚಿ ಅಂಟಿಸುತ್ತಿದ್ದರು. ಪುಟ್ಟಮ್ಮ ಇನ್ನೂ ಊರಿಗೆ ಹೋಗಿರಲಿಲ್ಲ. ಅಣ್ಣನ ಪಕ್ಕದಲ್ಲೇ ಕೂತು ಹಾಳೆಯ ತುದಿ ಒತ್ತಿ ಹಿಡಿದಿದ್ದರು. ವಿಷಯ ಹೇಳಿದೆ. ಅವರು ಬಾಯಿ ತೆರೆಯುವ ಮೊದಲೇ ಗೌರಮ್ಮ ಅಡುಗೆ ಮನೆಯಿಂದ ಹೊರಗೆ ಬಂದರು. ಆ ವಾರವೆಲ್ಲ ನನ್ನ ಜೊತೆ ಮಾತು ಬಿಟ್ಟಿದ್ದವರು.

"ನಮ್ಮೆಜಮಾನ್ರಿಗೆ ಪುರುಸೊತ್ತಿಲ್ಲ ಅಂತ ಹೇಳಿ ಮೇಡಂ" ಅಂದರು. ಆಮೇಲೆ, "ಕೂತ್ಕೊಳ್ಳಿ, ಕಾಫಿ ಕುಡ್ಕಂಡ್ ಹೋಗಿವ್ರಂತೆ."

ಕುಡಿದು ಬಂದೆ. ಅಧ್ಯಕ್ಷರಿಗೆ ಫೋನ್ ಮಾಡಿ ಪುರುಸೊತ್ತಿಲ್ಲವಂತೆ ಅಂತ ತಿಳಿಸಿದೆ. ಈರಯ್ಯನವರಿಗೆ ಯಾವಾಗ ಬಿಡುವಾಗುತ್ತದೆ ಅಂತ ಕೇಳಿದರು. ನನಗೆ ಗೊತ್ತಿಲ್ಲ. ನಾನು ಅಧ್ಯಕ್ಷರನ್ನು ಕೇಳಬೇಕು ಅಂದುಕೊಂಡದ್ದು ಬೇರೆ, ಅಷ್ಟರಲ್ಲಿ ಫೋನ್ ಇಟ್ಟರು. ಇಲ್ಲೇ ಕೇಳಿಬಿಡುತ್ತೇನೆ.

ಮುಂಗಾರಿಗೆ ಇನ್ನೆಷ್ಟು ದಿನ ಉಳಿದಿದೆ, ಅಧ್ಯಕ್ಷರೇ?